ಆಷಾಢದ ಗಾಳಿ, ಹಳೆ ಯುಪಿಎಸ್ಸು, ಐದು ಆಟಗಳು

ಮೊದಲೇ ಹೇಳಿಬಿಡುತ್ತೇನೆ, ನಾನೇನು ದೊಡ್ಡ ಗೇಮರ್ ಅಲ್ಲ. ಗದಗದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ತುಳಸಿ ಲಗ್ನ ಮುಗೀತು ಅಂದರೆ ಲಗ್ನಪತ್ರಿಕೆ ಶುರು. ಅದರ ನಡುವೆ ಕ್ಯಾಲೆಂಡರು. ಅದು ಮುಗಿಯುವಷ್ಟರಲ್ಲಿ ಬೇಸಿಗೆಯ ಲಗ್ನಗಳು. ಕೈಗೆ ಬಿಡುವು ಸಿಗೋದು ಆಷಾಢದಲ್ಲಿ. ಯಾರೂ ಮದುವೆ ಮಾಡದ ಆ ತಿಂಗಳೇ ನನ್ನ ಗೇಮಿಂಗ್ ಸೀಸನ್ನು.

ತೊಂದರೆ ಏನಂದ್ರೆ, ಆಷಾಢ ಅಂದರೆ ನಮ್ಮಲ್ಲಿ ಗಾಳಿ. ಅತ್ತ ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳು ಗಿರಗಿರ ತಿರುಗಿ ಕರೆಂಟ್ ಮಾಡುತ್ತಿರುತ್ತವೆ, ಇತ್ತ ಅದೇ ಗಾಳಿಗೆ ನಮ್ಮ ಓಣಿಯ ಕರೆಂಟ್ ಹೋಗಿರುತ್ತದೆ. ಮನೆಯಲ್ಲಿ ಯುಪಿಎಸ್ ಇದೆ. ಕೊಡುವಾಗ ಅಂಗಡಿಯವನು 20 ನಿಮಿಷ ತಡೆಯುತ್ತದೆ ಅಂದಿದ್ದ. ಆಟ ಓಡುತ್ತಿದ್ದರೆ ತಡೆಯೋದು 40 ಸೆಕೆಂಡು. ಒಂದು ಸಲ ಬ್ಯಾಟರಿ ಬದಲಿಸಿಕೊಟ್ಟ. ಎರಡನೇ ಸಲ ಫೋನ್ ಎತ್ತಲಿಲ್ಲ.

ಹಾಗಾಗಿ ಕಳೆದ ಒಂದು ವರ್ಷದಿಂದ ಆಟಗಳನ್ನು ನಾನು ಅಳೆಯುವ ರೀತಿಯೇ ಬೇರೆ ಆಗಿದೆ. ಗ್ರಾಫಿಕ್ಸ್, ಕಥೆ ಎಲ್ಲಾ ಆಮೇಲೆ. ಮೊದಲು ಎರಡೇ ಪ್ರಶ್ನೆ. ಕರೆಂಟ್ ಹೋದರೆ ಎಷ್ಟು ಕಳಕೊಳ್ಳುತ್ತೇನೆ? ಅವ್ವ ಕರೆದರೆ ಎದ್ದು ಹೋಗಬಹುದಾ? ಎರಡೂ ಒಂದೇ ಅನ್ನಿಸುತ್ತದೆ, ಆದರೆ ಅಲ್ಲ. ಕರೆಂಟಿಗೆ ಜಗ್ಗದ ಆಟ ಅವ್ವನ ಮುಂದೆ ಸೋಲುತ್ತದೆ, ಅವ್ವನನ್ನು ತಡೆದುಕೊಂಡದ್ದು ಕರೆಂಟಿಗೆ ಸೋಲುತ್ತದೆ.

ಕಂಪ್ಯೂಟರ್ ವಿಷಯ ಒಂದೇ ಮಾತಲ್ಲಿ ಮುಗಿಸುತ್ತೇನೆ. ಸೀಸನ್‌ನಲ್ಲಿ ಪ್ರೆಸ್ಸಿನ ಕೆಲಸ ಮನೆಗೂ ಬರುತ್ತದೆ, ಅದಕ್ಕಂತ ತಗೊಂಡಿದ್ದು. 16 ಜಿಬಿ ರ‍್ಯಾಮ್, ಹುಬ್ಬಳ್ಳಿಯಿಂದ ತಂದ ಸೆಕೆಂಡ್‌ಹ್ಯಾಂಡ್ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡು, ಅದರಲ್ಲಿ 4 ಜಿಬಿ ಮೆಮೊರಿ. ಕೆಳಗೆ ಬರುವ ಐದರಲ್ಲಿ ನಾಲ್ಕು ಆಟಕ್ಕೆ ಇದು ಧಾರಾಳ.

ಸ್ಟಾರ್‌ಡ್ಯೂ ವ್ಯಾಲಿಯಿಂದ ಶುರು ಮಾಡುತ್ತೇನೆ, ಯಾಕಂದರೆ ಅದರ ಮೇಲೆ ನನಗೆ ಇನ್ನೂ ಸಿಟ್ಟಿದೆ. 130 ತಾಸು ಆಡಿದ್ದೇನೆ. ಎರಿಕ್ ಬರೋನ್ ಅನ್ನೋ ಒಬ್ಬನೇ ಮನುಷ್ಯ ನಾಲ್ಕು ವರ್ಷಕ್ಕೂ ಜಾಸ್ತಿ ಕೂತು ಚಿತ್ರ, ಸಂಗೀತ, ಕೋಡು ಎಲ್ಲಾ ತಾನೇ ಮಾಡಿ 2016ರಲ್ಲಿ ಬಿಟ್ಟ ಆಟ. ಅಜ್ಜ ಬಿಟ್ಟುಹೋದ ಹೊಲಕ್ಕೆ ಹೋಗಿ ಬೇಸಾಯ ಮಾಡೋದು, ದನ ಕೋಳಿ ಸಾಕೋದು, ಊರವರ ಜೊತೆ ಗೆಳೆತನ, ಬೇಸರ ಆದರೆ ಗಣಿಗೆ ಇಳಿಯೋದು. ಒಂದು ಋತುವಿಗೆ 28 ದಿನ. ಒಂದು ದಿನ ಅಂದರೆ ಬೆಳಿಗ್ಗೆ 6ರಿಂದ ರಾತ್ರಿ 2ರವರೆಗೆ, ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 14 ನಿಮಿಷ.

ಇದನ್ನು ಎಲ್ಲರೂ ಹಳ್ಳಿಯ ಬದುಕು ಅಂತ ಹೊಗಳುತ್ತಾರೆ. ನನಗೇನೋ ಶುದ್ಧ ಕಲ್ಪನಾಲೋಕ ಅನ್ನಿಸಿತು. ನಾಳೆ ಮಳೆ ಅಂತ ಟಿವಿಯಲ್ಲಿ ಹೇಳಿದರೆ ಮಳೆ ಬಂದೇ ಬರುತ್ತದೆ. ಬೆಳೆದದ್ದನ್ನು ಮನೆ ಮುಂದಿನ ಪೆಟ್ಟಿಗೆಗೆ ಹಾಕಿ ಮಲಗಿದರೆ ಬೆಳಿಗ್ಗೆ ರೊಕ್ಕ ಬಂದಿರುತ್ತದೆ. ದಲಾಲಿ ಇಲ್ಲ, ಹಮಾಲಿ ಇಲ್ಲ, ನೀವು ಎಷ್ಟೇ ಬೆಳೆದು ಹಾಕಿದರೂ ರೇಟು ಬೀಳೋದಿಲ್ಲ. ಗದಗಿನ ಎಪಿಎಂಸಿಯಲ್ಲಿ ಉಳ್ಳಾಗಡ್ಡಿ ಮಾರಿದವರಿಗೆ ಇದನ್ನು ತೋರಿಸಿದರೆ ಡ್ರ್ಯಾಗನ್ ಇರುವ ಆಟವನ್ನಾದರೂ ನಂಬುತ್ತಾರೆ, ಇದನ್ನು ನಂಬಲಿಕ್ಕಿಲ್ಲ.

ಅವ್ವ ಕರೆದರೆ ಇಲ್ಲಿ ಸಮಸ್ಯೆ ಇಲ್ಲ. ಮೆನು ತೆಗೆದರೆ ಗಡಿಯಾರ ನಿಲ್ಲುತ್ತದೆ. ಊಟ ಮಾಡಿ ಬರಬಹುದು. ಸಮಸ್ಯೆ ಕರೆಂಟಿನದು. ಈ ಆಟ ಸೇವ್ ಆಗೋದು ದಿನ ಮುಗಿದು ಮಲಗಿದಾಗ ಮಾತ್ರ. ಮರುಭೂಮಿಯಲ್ಲಿ ಸ್ಕಲ್ ಕ್ಯಾವರ್ನ್ ಅಂತ ಒಂದು ಗುಹೆ ಇದೆ. ಅಲ್ಲಿ ನನಗೆ ಮೊದಲ ಪ್ರಿಸ್ಮ್ಯಾಟಿಕ್ ಶಾರ್ಡ್ ಸಿಕ್ಕಿತು. ಬಹಳ ಅಪರೂಪದ ಹರಳು ಅದು. ಅದನ್ನು ಹಿಡಿದುಕೊಂಡು ಮರುಭೂಮಿಯ ಮೂರು ಕಂಬಗಳ ನಡುವೆ ನಿಂತರೆ ಗ್ಯಾಲಕ್ಸಿ ಖಡ್ಗ ಸಿಗುತ್ತದೆ. ಗುಹೆಯಿಂದ ಹೊರಗೆ ಬಂದೆ. ಕಂಬಗಳು ಕಾಣುತ್ತಿದ್ದವು. ಹೊರಗೆ ಗಾಳಿ ಒಂದು ಸಲ ಜೋರಾಗಿ ಬೀಸಿತು, ಪಕ್ಕದ ಮನೆಯ ತಗಡು ದಡದಡ ಅಂತು, ಯುಪಿಎಸ್ ಕೂಗಲು ಶುರು ಮಾಡಿತು. 40 ಸೆಕೆಂಡಿನಲ್ಲಿ ಓಡಿ ಹೋಗಿ ಮಲಗಲು ಆಗುತ್ತಾ? ಬಸ್ ಹತ್ತಿ ಊರಿಗೆ ಬರಬೇಕು, ಊರಿಂದ ಹೊಲಕ್ಕೆ, ಹೊಲದಿಂದ ಮಂಚಕ್ಕೆ. ಬಸ್ಸಿನ ತನಕ ಹೋಗಿದ್ದೆ.

ಕರೆಂಟ್ ಬಂದ ಮೇಲೆ ಅದೇ ದಿನವನ್ನು ಮತ್ತೆ ಬೆಳಿಗ್ಗೆ 6ರಿಂದ ಆಡಿದೆ. ಹರಳು ಸಿಗಲಿಲ್ಲ. ಮುಂದೆ ಆಟದಲ್ಲಿ ಒಂದೂವರೆ ಋತು ಕಳೆದ ಮೇಲೆ ಸಿಕ್ಕಿತು ಅನ್ನಿ. ಆದರೂ ಆ 14 ನಿಮಿಷ ಕಳೆದುಹೋದದ್ದಕ್ಕೆ ಆದಷ್ಟು ಬೇಜಾರು ನನ್ನ ಇಡೀ ಒಂದು ರಜಾದಿನ ಹೋಗಿದ್ದರೂ ಆಗುತ್ತಿರಲಿಲ್ಲ.

ಎಲ್ಡೆನ್ ರಿಂಗ್ ಇದಕ್ಕೆ ತದ್ವಿರುದ್ಧ. 2022ರ ಬಡಿದಾಟದ ಆಟ. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಮಾಡಿದ್ದು. ಇದು ತನ್ನಷ್ಟಕ್ಕೆ ತಾನೇ ಸೇವ್ ಮಾಡುತ್ತಲೇ ಇರುತ್ತದೆ. ಕರೆಂಟ್ ಹೋಗಿ ಬಂದರೆ ಹೆಚ್ಚುಕಡಿಮೆ ಹೋದಲ್ಲಿಂದಲೇ ಶುರು. ಆ ವಿಷಯಕ್ಕೆ ಕೈ ಮುಗಿಯಬೇಕು. ಆದರೆ ಇದರಲ್ಲಿ ಆಟವನ್ನು ಅಲ್ಲೇ ತಡೆದು ನಿಲ್ಲಿಸುವ ಬಟನ್ನೇ ಇಲ್ಲ. ಮೆನು ತೆಗೆದರೂ ಶತ್ರು ಹೊಡೆಯುತ್ತಲೇ ಇರುತ್ತಾನೆ. ಮಾರ್ಗಿಟ್ ಅನ್ನೋ ಮೊದಲ ದೊಡ್ಡ ಬಾಸ್, ಅಂದರೆ ಸುಲಭಕ್ಕೆ ಸಾಯದ ಮುಖ್ಯ ಶತ್ರು, ಅವನ ಜೊತೆ ಬಡಿದಾಡಿ, ಅವನ ಜೀವ ಕಾಲು ಭಾಗಕ್ಕೆ ಇಳಿಸಿದ್ದೆ. ಫೋನ್ ಬಂತು. ಗಿರಾಕಿ. "ಬೀಗರ ಹೆಸರಿನ ಮುಂದ ಶ್ರೀ ಬಿಟ್ಟೀರಲ್ರೀ!" ಸಾವಿರ ಪತ್ರಿಕೆ ಪ್ರಿಂಟಿಗೆ ಹೋಗುವ ಮುಂಚಿನ ಫೋನ್ ಅದು, ಎತ್ತದೆ ಇರೋಕಾಗುತ್ತಾ? ಅವರ ಶ್ರೀ ಉಳಿಯಿತು, ನನ್ನ ಪ್ರಾಣ ಹೋಯಿತು.

ನನ್ನ ಕಾರ್ಡಿಗೂ ಇದು ಭಾರ. ಗ್ರಾಫಿಕ್ಸ್ ಎಲ್ಲಾ ಲೋ ಇಟ್ಟರೂ ಬಯಲಲ್ಲಿ ಕುದುರೆ ಓಡಿಸುವಾಗ ತಡವರಿಸುತ್ತದೆ. 22 ತಾಸಿಗೆ ತೆಗೆದು ಹಾಕಿದೆ. ಆಟ ಕೆಟ್ಟದ್ದಲ್ಲ, ಫೋನ್ ಆಫ್ ಮಾಡಿ ಕೂರುವ ಭಾಗ್ಯ ಇದ್ದವರ ಆಟ.

ಹಾಲೋ ನೈಟ್: ಸಿಲ್ಕ್‌ಸಾಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮೊದಲ ಹಾಲೋ ನೈಟ್ 2017ರದ್ದು, ಆಸ್ಟ್ರೇಲಿಯಾದ ಅಡಿಲೇಡ್ ಊರಿನ ಸಣ್ಣ ತಂಡ ಟೀಮ್ ಚೆರ್ರಿಯದು. ಎರಡನೆಯದನ್ನು 2019ರಲ್ಲಿ ಘೋಷಿಸಿದರು, ಕೊಟ್ಟದ್ದು 2025ರ ಸೆಪ್ಟೆಂಬರ್ 4ಕ್ಕೆ. ಆವತ್ತು ಕೊಳ್ಳುವವರ ನೂಕುನುಗ್ಗಲಿಗೆ ಆಟ ಮಾರುವ ಆನ್‌ಲೈನ್ ಅಂಗಡಿಗಳೇ ತಡಬಡಾಯಿಸಿದವು. ನಾನು ಡಿಸೆಂಬರಿನಲ್ಲಿ ಕ್ಯಾಲೆಂಡರ್ ಗಲಾಟೆ ಮುಗಿದ ಮೇಲೆ ತಗೊಂಡೆ.

ನೋಡೋಕೆ ಏನು ಚಂದ ಅಂತೀರಿ. ಎಲ್ಲಾ ಕೈಯಲ್ಲಿ ಬಿಡಿಸಿದ ಚಿತ್ರ. ದಿನಾ ಒಂದೇ ಗಣಪತಿ, ಒಂದೇ ಬಾಳೆಕಂಬ ಹಚ್ಚಿ ಹಚ್ಚಿ ಸಾಕಾದ ಕಣ್ಣಿಗೆ ತಂಪು. ನಮ್ಮ ಹುಡುಗಿ ಹಾರ್ನೆಟ್ ಸೂಜಿ ಹಿಡಿದ ಹುಳ. ಇಲ್ಲಿ ಹಣ ಅಂದರೆ ಜಪಮಣಿ. ಸತ್ತರೆ ಮಣಿ ಅಲ್ಲೇ ಬಿದ್ದಿರುತ್ತದೆ. ಹೋಗಿ ತರುವ ಮುಂಚೆ ಮತ್ತೆ ಸತ್ತರೆ ಕಥೆ ಮುಗೀತು. ಆದರೆ ಮಣಿಗಳನ್ನು ದಾರಕ್ಕೆ ಪೋಣಿಸಿ ಇಟ್ಟುಕೊಂಡರೆ ಸತ್ತರೂ ಹೋಗೋದಿಲ್ಲ. ಪೋಣಿಸಿಕೊಡೋಕೆ ಒಂದಷ್ಟು ಮಣಿ ಕೂಲಿ ಕೊಡಬೇಕು, ಅಷ್ಟೇ. ಈ ಉಪಾಯ ನನಗೆ ಬಹಳ ಹಿಡಿಸಿತು.

ಸಾವರಿಸಿಕೊಳ್ಳೋಕೆ ಅಲ್ಲಲ್ಲಿ ಬೆಂಚು ಇವೆ. ಸತ್ತರೂ, ಆಟ ಬಿಟ್ಟು ಎದ್ದರೂ ಮತ್ತೆ ಶುರುವಾಗೋದು ಕೊನೆಗೆ ಕೂತ ಬೆಂಚಿನಿಂದ. ಕೆಲವು ಬೆಂಚಿಗೆ ಮಣಿ ಕೊಟ್ಟರೇ ಕೂರಲು ಜಾಗ, ಬಸ್‌ಸ್ಟ್ಯಾಂಡಿನ ಶೌಚಾಲಯದ ಹಾಗೆ. ಶುರುವಿನಲ್ಲಿ ಐದೇ ಜೀವ. ಬಹಳಷ್ಟು ಶತ್ರುಗಳು ಒಂದೇಟಿಗೆ ಎರಡು ಕಿತ್ತುಕೊಳ್ಳುತ್ತಾರೆ. ಅಂದರೆ ಮೂರು ಏಟು, ಮತ್ತೆ ಬೆಂಚು.

ನಾನು ಸಿಕ್ಕಿಬಿದ್ದದ್ದು ಲಾಸ್ಟ್ ಜಡ್ಜ್ ಅನ್ನೋ ಬಾಸ್ ಹತ್ತಿರ. ಅವನ ಬಾಗಿಲಿಗೂ ಬೆಂಚಿಗೂ ನಡುವೆ ಮೈಲಿ ದೂರದ ಹಾರಾಟ. ಪ್ರತಿ ಸಲ ಸತ್ತಾಗ ಆ ದಾರಿಯೆಲ್ಲ ಮತ್ತೆ ಹಾರಿಕೊಂಡು ಬರಬೇಕು. ಬಾಸ್ ಕಷ್ಟ ಇರಲಿ, ನನ್ನ ತಕರಾರಿಲ್ಲ. ಈ ಓಡಾಟ ಯಾಕೆ? ಪ್ರೂಫ್‌ನಲ್ಲಿ ಒಂದು ಒತ್ತಕ್ಷರ ತಪ್ಪಾದರೆ ಅಷ್ಟನ್ನೇ ತಿದ್ದುತ್ತೇವೆ, ಇಡೀ ಪತ್ರಿಕೆಯನ್ನು ಮೊದಲಿಂದ ಟೈಪ್ ಮಾಡು ಅಂತ ಯಾರಾದರೂ ಹೇಳುತ್ತಾರಾ? ಕೊನೆಗೊಂದು ರಾತ್ರಿ ಅವನನ್ನು ಕೆಡವಿದೆ. ಕುಣಿಯೋಣ ಅಂತ ಕೈ ಎತ್ತಿದೆ. ಅವನು ಸಾಯುವಾಗ ಸ್ಫೋಟ ಆಗುತ್ತಾನೆ ಅಂತ ನನಗೆ ಗೊತ್ತಿರಲಿಲ್ಲ. ಆ ಸ್ಫೋಟಕ್ಕೆ ನನ್ನ ಹುಳವೂ ಹೋಯಿತು. ಅದಾಗಿ ನಾಲ್ಕು ದಿನ ಆಟ ತೆಗೆಯಲಿಲ್ಲ.

ಈಗಲೂ ಆಡುತ್ತಿದ್ದೇನೆ, ಬಿಟ್ಟಿಲ್ಲ. ಆದರೆ ಗಾಳಿ ಇಲ್ಲದ ದಿನ ಮಾತ್ರ.

ಬಲಾಟ್ರೊ 2024ರ ಫೆಬ್ರವರಿಯಲ್ಲಿ ಬಂತು. ಮಾಡಿದವರು ಕೆನಡಾದ ಒಬ್ಬರೇ, ಲೋಕಲ್‌ಥಂಕ್ ಅನ್ನೋ ಅಡ್ಡಹೆಸರಿನಲ್ಲಿ ಇರುತ್ತಾರೆ. ಇಸ್ಪೀಟ್ ಎಲೆಗಳ ಆಟ. ಕೈಯಲ್ಲಿ ಎಂಟು ಎಲೆ. ಐದರವರೆಗೆ ಆರಿಸಿ ಹಾಕಬೇಕು. ಜೋಡಿ, ಒಂದೇ ಜಾತಿಯ ಐದು, ಸಾಲಾಗಿ ಐದು, ಹೀಗೆ ಪೋಕರಿನ ಲೆಕ್ಕ. ಆದರೆ ಎದುರಾಳಿ ಯಾರೂ ಇಲ್ಲ, ದಾಟಬೇಕಾದ ಅಂಕಿ ಮಾತ್ರ ಇರುತ್ತದೆ. ಮೊದಲ ಸುತ್ತಿಗೆ 300 ಸಾಕು. ಕೊನೆಯ ಎಂಟನೇ ಹಂತದ ಬಾಸ್ 1,00,000 ಕೇಳುತ್ತಾನೆ. ಬರೀ ಎಲೆಗಳಿಂದ ಅಲ್ಲಿಗೆ ಮುಟ್ಟೋಕಾಗಲ್ಲ. ಅದಕ್ಕೆ ಜೋಕರ್‌ಗಳು, ಒಟ್ಟು 150. ಒಂದೊಂದೂ ಲೆಕ್ಕವನ್ನು ಒಂದೊಂದು ಥರ ತಿರುಚುತ್ತದೆ. ಸರಿಯಾದ ಐದು ಜೋಕರ್ ಕೂಡಿಬಂದಾಗ ಅಂಕಿಗಳು ಬೆಂಕಿ ಹತ್ತಿ ಏರುವುದನ್ನು ನೋಡಬೇಕು ನೀವು.

ಅವ್ವ ಒಂದು ದಿನ ಹಿಂದೆ ಬಂದು ನಿಂತಿದ್ದಳು. "ಇದೇನಪಾ, ಮನ್ಯಾಗ ಕುಂತ ಇಸ್ಪೀಟ್ ಆಡಾಕತ್ತೀ? ರೊಕ್ಕ ಎಷ್ಟ ಹೋತು?" ನಿಜವಾದ ರೊಕ್ಕ ಇದರಲ್ಲಿ ಇಲ್ಲ ಅಂತ ತಿಳಿಸಿ ಹೇಳೋಕೆ ಅರ್ಧ ತಾಸು ಬೇಕಾಯಿತು. ಅವ್ವನದೇನೂ ತಪ್ಪಿಲ್ಲ ಬಿಡಿ. ಯುರೋಪಿನಲ್ಲಿ ಆಟಗಳಿಗೆ ವಯಸ್ಸಿನ ಗುರುತು ಕೊಡುವ ಪೆಗಿ ಸಂಸ್ಥೆಗೂ ಇದೇ ಸಂಶಯ ಬಂದಿತ್ತು. ಜೂಜಿನ ವಾಸನೆ ಇದೆ ಅಂತ 18 ವರ್ಷ ಮೇಲ್ಪಟ್ಟವರಿಗೆ ಅಂದಿದ್ದರು. ಮೇಲ್ಮನವಿ ಹೋದ ಮೇಲೆ 2025ರಲ್ಲಿ 12ಕ್ಕೆ ಇಳಿಸಿದರು. ಅವ್ವ ಇನ್ನೂ ಇಳಿಸಿಲ್ಲ.

ನನ್ನ ಎರಡೂ ಪ್ರಶ್ನೆಗೆ ಇದು ಪಾಸ್. ಯಾವಾಗ ಬೇಕಾದರೂ ಎದ್ದು ಹೋಗಿ, ಎಲೆ ಕೈಯಲ್ಲೇ ಕಾಯುತ್ತಿರುತ್ತವೆ. ಕರೆಂಟ್ ಹೋದರೆ ಹೆಚ್ಚೆಂದರೆ ಆ ಒಂದು ಸುತ್ತು ಮತ್ತೆ ಆಡಬೇಕಾಗುತ್ತದೆ. ಫೋನಿಗೂ ಬಂದಿದೆ, ಆದರೆ ಕಂಪ್ಯೂಟರಿನಲ್ಲಿ ಬಿಟ್ಟದ್ದು ಅಲ್ಲಿ ಮುಂದುವರಿಯೋದಿಲ್ಲ, ಹೊಸದಾಗಿ ಕೊಳ್ಳಬೇಕು. ಒಂದೇ ಎಚ್ಚರಿಕೆ. "ಇನ್ನೊಂದೇ ಆಟ" ಅಂತ ಕೂತರೆ ಹಾಲಿನವನು ಬಂದು ಬಾಗಿಲು ಬಡಿಯುತ್ತಾನೆ.

ಕೊನೆಯದು ಯೂರೋ ಟ್ರಕ್ ಸಿಮ್ಯುಲೇಟರ್ 2. ಪ್ರಾಗ್ ಊರಿನ ಎಸ್‌ಸಿಎಸ್ ಸಾಫ್ಟ್‌ವೇರ್ 2012ರಲ್ಲಿ ಮಾಡಿದ ಆಟ, ಇನ್ನೂ ಹೊಸ ಹೊಸ ರಸ್ತೆ ಸೇರಿಸುತ್ತಲೇ ಇದ್ದಾರೆ. ಸೇಲ್‌ನಲ್ಲಿ ಕಾಲು ಬೆಲೆಗೆ ಸಿಕ್ಕಿತು. ಲೋಡು ಹಿಡಿ, ಜರ್ಮನಿಯಿಂದ ಪೋಲೆಂಡಿಗೆ ಹೋಗು, ಟ್ರೇಲರ್ ರಿವರ್ಸ್ ಹಾಕಿ ನಿಲ್ಲಿಸು. ಇಷ್ಟೇ. ರಸ್ತೆಗಳನ್ನು 19ಕ್ಕೆ ಒಂದರಂತೆ ಕುಗ್ಗಿಸಿದ್ದಾರೆ. ಆ ಲೆಕ್ಕದಲ್ಲಿ ನಮ್ಮ ಗದಗ-ಹುಬ್ಬಳ್ಳಿ ದಾರಿ ಎರಡೂವರೆ ನಿಮಿಷಕ್ಕೆ ಮುಗಿದುಹೋಗುತ್ತದೆ. ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಎಲ್ಲಿ ಬೇಕಾದರೂ ಸೇವ್.

ನನಗೆ ಇದು ಸ್ವಲ್ಪ ಸಪ್ಪೆ ಅನ್ನಿಸಿತ್ತು, ನಮ್ಮ ಸೋದರಮಾವ ಬರುವವರೆಗೆ. ಮಾವ ಲಾರಿ ಡ್ರೈವರ್. ಉಳ್ಳಾಗಡ್ಡಿ ಲೋಡು ಹಾಕಿಕೊಂಡು ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಕರಾವಳಿಗೆ ಹೋಗಿಬರುವವನು. ಗಿರ್ಮಿಟ್ ತಿನ್ನುತ್ತಾ ಹತ್ತು ನಿಮಿಷ ಸುಮ್ನೆ ನೋಡಿದ. ಆಮೇಲೆ ಕೇಳಿದ, "ಲೇ ಅಳಿಯಾ, ಕ್ಲೀನರ್ ಎಲ್ಲಿದಾನೋ?"

ಇಲ್ಲ ಅಂದೆ.

"ಮತ್ತ ರಿವರ್ಸ್ ಹೊಡಿಯುವಾಗ ಬರಲಿ ಬರಲಿ ಅನ್ನಾವ್ರು ಯಾರು?"

ಕನ್ನಡಿ ನೋಡಿಕೊಂಡು ನಾವೇ ಹೊಡೀಬೇಕು ಅಂದೆ. ಮಾವನಿಗೆ ಇದು ಅನ್ಯಾಯ ಅನ್ನಿಸಿತು. ಆಟದ ಗಡಿಯಾರದಲ್ಲಿ 11 ತಾಸು ಓಡಿಸಿದ ಮೇಲೆ ಆಟದ ಡ್ರೈವರ್‌ಗೆ ಆಕಳಿಕೆ ಬಂದು ಕಣ್ಣು ಮುಚ್ಚಿದ ಹಾಗೆ ಪರದೆ ಕಪ್ಪಾಗುತ್ತದೆ, ಮಲಗಲೇಬೇಕು. ಅದನ್ನು ನೋಡಿ "ನಮಗ ಹಿಂಗ ಮಲಕೋ ಅಂತ ಯಾರರ ಹೇಳ್ಯಾರೇನ?" ಅಂದ. ನಗುತ್ತಲೇ ಅಂದದ್ದು, ಆದರೆ ನನಗೆ ನಗು ಬರಲಿಲ್ಲ.

ಆಮೇಲೆ ಕೀಬೋರ್ಡು ಅವನ ಕೈಗೆ ಹೋಯಿತು. ಮೊದಲ ದಿನ ಕೆಂಪು ಸಿಗ್ನಲ್ ಹಾರಿದ್ದಕ್ಕೆ ದಂಡ, ಸ್ಪೀಡಿಗೆ ದಂಡ. ರಸ್ತೆಯ ಬಲಕ್ಕೆ ಓಡಿಸೋದು ತಲೆಗೆ ಹತ್ತಲಿಲ್ಲ. ಎದುರಿಗೆ ಬಂದವರಿಗೆಲ್ಲ ಹಾರ್ನ್ ಹೊಡೆದ. ಆದರೆ ಒಂದು ಇಳಿಜಾರು ಬಂದಾಗ ನಾನು ಬ್ರೇಕು ಬ್ರೇಕು ಅಂತ ಕೂಗಿದರೂ ಮುಟ್ಟಲಿಲ್ಲ. ಎಂಜಿನ್ ಬ್ರೇಕ್ ಯಾವ ಕೀಲಿ ಅಂತ ಕೇಳಿ, ಗೇರು ಇಳಿಸಿ, ಭಾರದ ಟ್ರೇಲರನ್ನು ಮೆಲ್ಲಗೆ ಇಳಿಸಿದ. "ಘಟ್ಟದಾಗ ಬ್ರೇಕ್ ಮ್ಯಾಲ ಕಾಲಿಟ್ಟು ಇಳಿದ್ರ ಡ್ರಮ್ ಕಾಯ್ತದ. ಗೇರಿನಾಗ ಇಳಿಸಬೇಕು." ಸೆಟ್ಟಿಂಗ್‌ನಲ್ಲಿ ಏರ್ ಬ್ರೇಕಿನ ಲೆಕ್ಕ ಬಿಗಿ ಮಾಡುವ ಆಯ್ಕೆಯೂ ಇದೆ, ಪದೇ ಪದೇ ಒತ್ತಿದರೆ ಗಾಳಿ ಖಾಲಿಯಾಗುತ್ತದೆ. ಅದನ್ನು ಪೂರ್ತಿ ಏರಿಸು ಅಂತ ಅವನೇ ಹೇಳಿದ. ನಾನು ಅಲ್ಲಿಯವರೆಗೆ ಅದನ್ನು ತೆರೆದೂ ನೋಡಿರಲಿಲ್ಲ.

ಒಂದು ಕೊರತೆ ಹೇಳಲೇಬೇಕು. ಈ ಐದರಲ್ಲಿ ಒಂದರಲ್ಲೂ ಕನ್ನಡ ಇಲ್ಲ. ಮಾವ ರಸ್ತೆ ನೋಡುತ್ತಾನೆ, ಎಲ್ಲಿಗೆ ಲೋಡು, ಎಷ್ಟು ರೊಕ್ಕ ಅಂತ ನಾನು ಓದಿ ಹೇಳಬೇಕು. ಕ್ಲೀನರ್ ಇಲ್ಲ ಅಂದಿದ್ದೆನಲ್ಲ, ಈಗ ಇದ್ದಾನೆ. ಗದಗಿಗೆ ಲೋಡು ಬಂದಾಗೆಲ್ಲ ಮಾವ ಮನೆಗೆ ಬರುತ್ತಾನೆ. ಡೆಲಿವರಿ ಕೊಡುವಾಗ ಸುಲಭದ ಪಾರ್ಕಿಂಗ್, ಕಷ್ಟದ ಪಾರ್ಕಿಂಗ್ ಅಂತ ಆರಿಸಲು ಕೇಳುತ್ತದೆ. ಅವನು ಕಷ್ಟದ್ದನ್ನೇ ಒತ್ತಿಸಿ, ಇಲ್ಲದ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡುತ್ತಾನೆ. ನಾನು ಕುರ್ಚಿಯ ಹಿಂದೆ ನಿಂತು ಬರಲಿ, ಬರಲಿ, ಸಾಕು ಅನ್ನುತ್ತೇನೆ. ಅವನ ಪ್ರೊಫೈಲ್ ಬೇರೆ ಮಾಡಿಕೊಟ್ಟಿದ್ದೇನೆ. ಅವನದು ಈಗ ಲೆವೆಲ್ 14, ನನ್ನದು 11.