ಉಪ್ಪುನೀರಿನ ಟ್ಯಾಂಕ್ ಹಿಂದಿನ ಗೋಡೆ: ವಾಷಬಲ್ ಪೇಂಟಿಗೆ ಮೂರು ಸ್ಟಾರ್, ಅಕ್ರಿಲಿಕ್ ಶೀಟಿಗೆ ಐದು

ಮೊದಲೇ ಹೇಳಿಬಿಡುತ್ತೇನೆ. ಶಿವಮೊಗ್ಗ ಕಡೆ ಮನೆಯೊಳಗೆ ಸಮುದ್ರದ ಮೀನು ಸಾಕುವವರು ಟ್ಯಾಂಕ್ ಹಿಂದಿನ ಗೋಡೆಗೆ ಉಪ್ಪು ಹತ್ತುತ್ತದೆ ಅಂತ ದುಬಾರಿ ಪೇಂಟ್ ಹೊಡೆಸಬೇಡಿ. ಮಧ್ಯಮ ದರ್ಜೆಯ ವಾಷಬಲ್ ಎಮಲ್ಷನ್ (ಒದ್ದೆ ಬಟ್ಟೆಯಲ್ಲಿ ಒರೆಸಬಹುದಾದ, ನೀರು ಬೆರೆಸುವ ಪೇಂಟ್) ಸಾಕು. ಉಳಿಯುವ ದುಡ್ಡಿನಲ್ಲಿ 3 ಮಿಲಿಮೀಟರ್ ದಪ್ಪದ ಅಕ್ರಿಲಿಕ್ (ಗಟ್ಟಿ ಪ್ಲಾಸ್ಟಿಕ್) ಶೀಟ್ ಹಾಕಿಸಿ. ನಮ್ಮ ಮನೆಯಲ್ಲಿ ಎರಡನ್ನೂ ಮಾಡಿಸಿ, ಒಂದು ಬೇಸಿಗೆ ಮತ್ತು ಒಂದು ಪೂರ್ತಿ ಮಳೆಗಾಲ ನೋಡಿದ ಮೇಲೆ ಬರೆಯುತ್ತಿದ್ದೇನೆ.

ಗೋಡೆಗೆ ಉಪ್ಪು ಹೇಗೆ ಬರುತ್ತದೆ ಅನ್ನುವುದು ಮೊದಲು ಗೊತ್ತಿರಬೇಕು. ನೀರು ಆವಿಯಾಗುವಾಗ ಉಪ್ಪೂ ಜೊತೆಗೆ ಹಾರುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾರುವುದಿಲ್ಲ. ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ, ಅದಕ್ಕೇ ಅಲ್ವಾ ಕಡಿಮೆಯಾದ ನೀರಿಗೆ ನಾವು ಬರೀ ಸಿಹಿನೀರು ತುಂಬುವುದು. ಗೋಡೆಗೆ ಹತ್ತುವುದು ಸಿಡಿಯುವ ಹನಿ. ಏರ್ ಸ್ಟೋನ್ (ನೀರಿನೊಳಗೆ ಗುಳ್ಳೆ ಬಿಡುವ ಕಲ್ಲು), ಸ್ಕಿಮ್ಮರ್ (ಗುಳ್ಳೆಯಿಂದ ನೀರಿನ ಕೊಳೆ ತೆಗೆಯುವ ಸಾಧನ), ಸಂಪ್ ಅನ್ನುವ ಫಿಲ್ಟರ್ ತೊಟ್ಟಿಗೆ ಬೀಳುವ ನೀರು, ಇಲ್ಲೆಲ್ಲ ಗುಳ್ಳೆ ಒಡೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಹಾರುತ್ತವೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಹನಿ ಒಣಗುತ್ತದೆ, ಉಪ್ಪು ಗೋಡೆಯಲ್ಲಿ ಕೂರುತ್ತದೆ. ಹಾಗಾಗಿ ಗೋಡೆಯ ಕೆಲಸ ಶುರುವಾಗಬೇಕಾದ್ದು ಟ್ಯಾಂಕಿನ ಮುಚ್ಚಳದಿಂದ. ಏರ್ ಸ್ಟೋನ್ ಬೇಕಿಲ್ಲದಿದ್ದರೆ ತೆಗೆದುಬಿಡಿ.

ಇಷ್ಟು ಎಲ್ಲ ಊರಿಗೂ ಒಂದೇ. ಮಲೆನಾಡಿನಲ್ಲಿ ಇದರ ಮೇಲೆ ಇನ್ನೊಂದು ತೊಂದರೆ ಇದೆ. ಆರಿದ್ರಾ ಮಳೆ ಹಿಡಿದ ಮೇಲೆ ಅಡುಗೆಮನೆಯ ಉಪ್ಪಿನ ಭರಣಿ ಹೇಗೆ ಒದ್ದೆಯಾಗುತ್ತದೋ, ಗೋಡೆಯ ಮೇಲಿನ ಉಪ್ಪೂ ಹಾಗೇ ಒದ್ದೆಯಾಗುತ್ತದೆ. ಗಾಳಿಯ ತೇವ ಶೇಕಡಾ 75 ದಾಟಿದರೆ ಅಡುಗೆ ಉಪ್ಪು ನೀರು ಹೀರಿ ಕರಗಲು ಶುರುವಾಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಲವಣವೂ ಇರುವುದರಿಂದ ಅದು ಇನ್ನೂ ಕಡಿಮೆ ತೇವದಲ್ಲೇ ಪಸೆ ಹಿಡಿಯುತ್ತದೆ. ನಮ್ಮಲ್ಲಿ ಮಳೆಗಾಲ ಪೂರ್ತಿ ಆ ಭಾಗ ಒಣಗುವುದೇ ಇಲ್ಲ. ಕರಗಿದ ಉಪ್ಪು ಪೇಂಟಿನ ಸಣ್ಣ ತೂತುಗಳಲ್ಲಿ ಇಳಿದು ಅದರ ಕೆಳಗೆ ಗೋಡೆ ನಯ ಮಾಡಲು ಬಳಿದ ಪುಟ್ಟಿಯವರೆಗೂ ಹೋಗುತ್ತದೆ. ಆಮೇಲೆ ದೀಪಾವಳಿ ಕಳೆದು ಒಣಹವೆ ಬಂದಾಗ ಅಲ್ಲೇ ಹರಳುಗಟ್ಟಿ ಉಬ್ಬುತ್ತದೆ, ಪೇಂಟ್ ಪೊರೆಯನ್ನು ಒಳಗಿಂದ ತಳ್ಳುತ್ತದೆ. ಮಳೆಗಾಲದಲ್ಲಿ ಸರಿಯಾಗಿದ್ದ ಗೋಡೆ ಚಳಿಗಾಲದಲ್ಲಿ ಹಕ್ಕಳೆ ಏಳುವುದಕ್ಕೆ ಕಾರಣ ಇದು.

ಈಗ ಪೇಂಟಿನ ವಿಷಯ. ನಾನು ಹೊಡೆಸಿದ್ದು ಸ್ವಲ್ಪ ಹೊಳಪಿರುವ, ಸ್ಯಾಟಿನ್ ಅನ್ನುವ ನಮೂನೆಯ ಅಕ್ರಿಲಿಕ್ ಎಮಲ್ಷನ್. ಕಂಪನಿಯ ಹೆಸರು ಬರೆಯುತ್ತಿಲ್ಲ, ಈ ಕೆಲಸಕ್ಕೆ ಹೆಸರಿಗಿಂತ ದರ್ಜೆ ಮುಖ್ಯ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಣ್ಣ ಬರುವುದಿಲ್ಲ, ಕಲೆ ನಿಲ್ಲುವುದಿಲ್ಲ. ಅಷ್ಟರ ಮಟ್ಟಿಗೆ ಡಬ್ಬದ ಮೇಲಿನ ಮಾತು ನಿಜ. ಹೊಳಪೇ ಇಲ್ಲದ ಮ್ಯಾಟ್ ತಗೊಂಡರೆ ಪದೇ ಪದೇ ಒರೆಸಿದ ಜಾಗ ಮಾತ್ರ ಮಿರುಗಿ ಬೇರೆಯಾಗಿ ಕಾಣುತ್ತದೆ. ಡಿಸ್ಟೆಂಪರ್ ಆದರಂತೂ ಬಟ್ಟೆಗೇ ಬರುತ್ತದೆ. ಮೂರೇ ಸ್ಟಾರ್ ಯಾಕೆ ಅಂದರೆ, ವಾಷಬಲ್ ಅಂದ ಮಾತ್ರಕ್ಕೆ ಉಪ್ಪು ಒಳಗೆ ಇಳಿಯುವುದಿಲ್ಲ ಅಂತಲ್ಲ. ಶೀಟ್ ಹಾಕದೆ ಬಿಟ್ಟಿದ್ದ ಬದಿಯ ಒಂದು ಪಟ್ಟಿಯಲ್ಲಿ ಸ್ವಿಚ್ ಬೋರ್ಡಿನ ಸುತ್ತ ಪುಟ್ಟಿ ಆಗಲೇ ಮೆತ್ತಗಾಗಿದೆ. ಗೋಡೆ ಒರೆಸುವುದಕ್ಕೂ ಆತುರ ಬೇಡ, ಹೊಸ ಪೇಂಟ್ ಪೂರ್ತಿ ಗಟ್ಟಿಯಾಗಲು ಕೆಲವು ವಾರ ಬೇಕು.

ಪೇಂಟ್ ಮಾಡಿದ ಮೇಸ್ತ್ರಿಯ ಕೈಕೆಲಸ ಅಚ್ಚುಕಟ್ಟು. ಆದರೆ ಅವರಿಗೆ ಗೊತ್ತಿದ್ದದ್ದು ಮಳೆಯ ಥಂಡಿ ಮಾತ್ರ. ಕುಂದಾಪುರ, ಹೊನ್ನಾವರದ ಪೇಂಟರ್‌ಗಳಿಗೆ ಉಪ್ಪಿನ ಕಾಟ ಗೊತ್ತಿರುತ್ತದೆ, ಘಟ್ಟದ ಮೇಲಿನವರಿಗೆ ಎಲ್ಲಿಂದ ಬರಬೇಕು? "ಆಯಿಲ್ ಪೇಂಟ್ ಹೊಡೆದುಬಿಡೋಣ ಸಾರ್, ನೀರೇ ಇಳಿಯಲ್ಲ" ಅಂದರು. ನಾನು ಒಪ್ಪಲಿಲ್ಲ. ಥಿನ್ನರ್ ಘಾಟು ಮನುಷ್ಯರ ಮೂಗಿಗೆ ಮಾತ್ರ ಹೋಗುವುದಲ್ಲ, ಏರ್ ಪಂಪ್ ಮತ್ತು ಸ್ಕಿಮ್ಮರ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬೆರೆಸುತ್ತವೆ. ನೀರಿನ ಎಮಲ್ಷನ್ ಹೊಡೆಯುವಾಗಲೂ ಅವು ಗಾಳಿ ಎಳೆಯುವ ಪೈಪನ್ನು ಉದ್ದ ಮಾಡಿ ಕಿಟಕಿಯ ಹೊರಗೆ ಬಿಡಿ, ಸಂಪಿನಲ್ಲಿ ಆಕ್ಟಿವೇಟೆಡ್ ಕಾರ್ಬನ್ (ನೀರಿನ ಕಲ್ಮಶ ಹೀರುವ ಇದ್ದಿಲು) ಇಡಿ, ಹಳೆ ಪುಟ್ಟಿ ಉಜ್ಜುವಾಗ ಟ್ಯಾಂಕನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿ. ಇನ್ನೂ ಮುಖ್ಯವಾದದ್ದು, ಉಜ್ಜುವ ಮೊದಲೇ ಹಳೆ ಗೋಡೆಯ ಉಪ್ಪನ್ನು ನೀರಿನಲ್ಲಿ ಒರೆಸಿ ತೆಗೆದು ಒಣಗಿಸಬೇಕು. ಉಪ್ಪಿನ ಮೇಲೆ ಪ್ರೈಮರ್ ಹೊಡೆದರೆ ಎಷ್ಟು ಕೋಟ್ ಆದರೂ ಎದ್ದೇಳುತ್ತದೆ. ಮೇಸ್ತ್ರಿ ಇದನ್ನು ಕೇಳಿಸಿಕೊಂಡು ಹಾಗೇ ಮಾಡಿದರು, ಅದಕ್ಕೆ ಅವರಿಗೆ ನನ್ನ ಪೂರ್ತಿ ಮೆಚ್ಚುಗೆ.

ಅಕ್ರಿಲಿಕ್ ಶೀಟ್ ದುರ್ಗಿಗುಡಿ ಕಡೆಯ ಒಂದು ಬೋರ್ಡ್ ಮಾಡುವ ಅಂಗಡಿಯಲ್ಲಿ ಸಿಕ್ಕಿತು. ಅಳತೆಗೆ ಕತ್ತರಿಸಿ, ಅಂಚು ನಯ ಮಾಡಿ, ತೂತು ಹಾಕಿ ಕೊಟ್ಟರು. ಪೇಂಟಿಗೆ ಆದ ಖರ್ಚಿನ ಅರ್ಧದಷ್ಟೂ ಇದಕ್ಕೆ ಆಗಲಿಲ್ಲ. ಮುಂದೆ ಟ್ಯಾಂಕ್ ಇರುವುದರಿಂದ ಶೀಟ್ ಇದೆ ಅಂತಲೇ ಗೊತ್ತಾಗುವುದಿಲ್ಲ. ಉಪ್ಪು ಅದರ ಮೇಲೆ ಕೂರುತ್ತದೆ, ಒರೆಸಿದರೆ ಹೋಯಿತು. ಹೀರಿಕೊಳ್ಳಲು ಅದರಲ್ಲಿ ತೂತುಗಳೇ ಇಲ್ಲ. ಶೀಟಿನ ಹಿಂದಿನ ಗೋಡೆ ಪೇಂಟ್ ಮಾಡಿದ ದಿನದ ಹಾಗೇ ಇದೆ.

ಕೂರಿಸುವಾಗ ಮಾತ್ರ ಗೋಡೆಗೆ ಅಂಟಿಸಲೇಬೇಡಿ. ನಮ್ಮ ಮಳೆಗೆ ಹಿಂದೆ ಗಾಳಿ ಆಡದಿದ್ದರೆ ಬೂಷ್ಟು ಬರುವುದು ಗ್ಯಾರಂಟಿ. ಗೋಡೆಗೂ ಶೀಟಿಗೂ ನಡುವೆ ಸುಮಾರು ಒಂದು ಸೆಂಟಿಮೀಟರ್ ಜಾಗ ಬಿಟ್ಟು, ಮೇಲೂ ಕೆಳಗೂ ತೆರೆದಿಡಿ. ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದು ಗೋಡೆಗೆ ಕಂದು ಗೆರೆ ಇಳಿಸುತ್ತದೆ, ನೈಲಾನ್ ಸ್ಕ್ರೂ ಹಾಕಿ. ಅಕ್ರಿಲಿಕ್ ಬಿಸಿಲಿಗೆ ಹಿಗ್ಗುತ್ತದೆ, ಹಾಗಾಗಿ ತೂತು ಸ್ಕ್ರೂಗಿಂತ ಸ್ವಲ್ಪ ದೊಡ್ಡದಿರಲಿ, ಇಲ್ಲದಿದ್ದರೆ ಅಲ್ಲಿಂದಲೇ ಸೀಳು ಬಿಡುತ್ತದೆ. ಬಾಡಿಗೆ ಮನೆಯವರು ಗೋಡೆ ಕೊರೆಯುವುದೇ ಬೇಡ, ಟ್ಯಾಂಕ್ ಸ್ಟ್ಯಾಂಡಿನ ಹಿಂದಿನ ಕಾಲಿಗೇ ಶೀಟನ್ನು ಕಟ್ಟಬಹುದು.

ಕ್ಲೀನ್ ಮಾಡಲು ಉಗುರುಬೆಚ್ಚಗಿನ ನೀರು ಮತ್ತು ಮೆತ್ತನೆ ಬಟ್ಟೆ ಸಾಕು, ಉಪ್ಪು ನೀರಿಗೆ ಕರಗುವ ವಸ್ತು, ಸೋಪು ಕೂಡ ಬೇಕಿಲ್ಲ. ಆದರೆ ಮೊದಲು ನೆನೆಸಿ, ಆಮೇಲೆ ಒರೆಸಿ. ಒಣ ಹರಳಿನ ಮೇಲೆ ಬಟ್ಟೆ ಎಳೆದರೆ ಅಕ್ರಿಲಿಕ್ ಗೀರುತ್ತದೆ. ಬಟ್ಟೆಯನ್ನು ಆಗಾಗ ಜಾಲಿಸಿ, ಇಲ್ಲದಿದ್ದರೆ ಸುಮ್ನೆ ಉಪ್ಪನ್ನು ಇಡೀ ಗೋಡೆಗೆ ಹಚ್ಚಿದ ಹಾಗೆ. ಕೊನೆಗೆ ಒಣ ಬಟ್ಟೆಯಲ್ಲಿ ಪಸೆ ತೆಗೆಯಿರಿ. ಗಾಜಿನ ಅಂಚಿನ ಗಟ್ಟಿ ಬಿಳಿ ಸುಣ್ಣಕ್ಕೆ ವಿನೆಗರ್ ಒಳ್ಳೆಯದು, ಗೋಡೆಗೆ ಬೇಡ, ಪುಟ್ಟಿಯಲ್ಲೂ ಸುಣ್ಣದ ಅಂಶವೇ ಇರುವುದು. ಫಿನಾಯಿಲ್, ಬ್ಲೀಚ್, ಗಾಜು ಒರೆಸುವ ಸ್ಪ್ರೇ, ಇವನ್ನು ಟ್ಯಾಂಕಿನ ಹತ್ತಿರವೇ ತರಬೇಡಿ. ಇಂಥ ಸ್ಪ್ರೇಗಳಲ್ಲಿ ಹೆಚ್ಚಾಗಿ ಇರುವ ಅಮೋನಿಯ ಮೀನಿಗೂ ವಿಷ, ಅಕ್ರಿಲಿಕ್ಕಿಗೂ ಕೇಡು.

ತೀರ್ಥಹಳ್ಳಿ, ಹೊಸನಗರ ಕಡೆಯ ಜಂಬಿಟ್ಟಿಗೆ ಮನೆಯವರು ಶೀಟ್ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಗೋಡೆಗೆ ಒಂದು ಪ್ಲಾಸ್ಟಿಕ್ ತುಂಡನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಒಂದೆರಡು ದಿನ ಬಿಡಿ. ಗೋಡೆ ಕಡೆಯ ಮೈಯಲ್ಲಿ ನೀರು ಕಂಡರೆ ತೇವ ಗೋಡೆಯೊಳಗಿಂದಲೇ ಬರುತ್ತಿದೆ, ಗೋಡೆಯ ಮೇಲಿನ ಬಿಳಿ ಉಪ್ಪಿನ ಪುಡಿಗೂ ಟ್ಯಾಂಕೊಂದೇ ಕಾರಣ ಅಲ್ಲ. ಅದಕ್ಕೆ ಶೀಟಾಗಲಿ ಪೇಂಟಾಗಲಿ ಮದ್ದಲ್ಲ, ಮೊದಲು ಸೋರಿಕೆ ನೋಡಬೇಕು.

ಅಳತೆ ಕೊಡುವಾಗ ಟ್ಯಾಂಕಿಗಿಂತ ಎರಡೂ ಬದಿ ಒಂದೊಂದು ಅಡಿ, ಮೇಲೆ ಎರಡಡಿ ಜಾಸ್ತಿ ಹೇಳಿ. ಸಂಪ್ ಕೆಳಗಿದ್ದರೆ ಶೀಟ್ ಸ್ಕರ್ಟಿಂಗ್‌ವರೆಗೂ ಇಳಿಯಲಿ. ಆ ಗೋಡೆಯಲ್ಲಿ ಪ್ಲಗ್ ಪಾಯಿಂಟ್ ಇದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಬೇರೆ ಕಡೆ ಹಾಕಿಸಿಕೊಳ್ಳಿ, ಉಪ್ಪಿನ ಪಸೆ ಇರುವ ಕಡೆ ಕರೆಂಟ್ ಇರಲೇಬಾರದು.