ವೈರಸ್ ಪ್ರವೇಶದ ಮಾದರಿ ಸೆಟ್: ಹೊರಮೈ ಸೊಗಸು, ಒಳಗಿನ ಹೆಜ್ಜೆ ತಪ್ಪು

ಪಿಯುಸಿ ಜೀವಶಾಸ್ತ್ರ ಪ್ರಯೋಗಾಲಯಕ್ಕೆಂದು ಧಾರವಾಡದ ಸುಭಾಸ ರಸ್ತೆಯ ಅಂಗಡಿಯೊಂದರಲ್ಲಿ ಕೊಂಡ ಈ ಸೆಟ್ಟಿನಲ್ಲಿ ಎರಡು ಹೋಳಾಗಿ ಬಿಚ್ಚುವ ಇನ್‌ಫ್ಲುಯೆಂಜಾ ವೈರಸ್, ಕೋಶಪೊರೆಯ ಒಂದು ತುಂಡು, ಎಂಡೋಸೋಮ್ ಎಂಬ ಒಳಚೀಲ ಮತ್ತು ಕನ್ನಡದ ಕೈಪಿಡಿ ಇವೆ. ಕೋಶಪೊರೆಗೆ ಬಳಸಿದ ಗುಲಾಬಿ ಬಣ್ಣದ ರಬ್ಬರ್ ಹಾಳೆಯನ್ನೇ ವೈರಸ್ಸಿನ ಹೊದಿಕೆಗೂ ಬಳಸಿರುವುದು ಮೆಚ್ಚತಕ್ಕ ಸಂಗತಿ. ಏಕೆಂದರೆ ಆ ಹೊದಿಕೆ ವೈರಸ್ ತಾನೇ ತಯಾರಿಸಿಕೊಂಡದ್ದಲ್ಲ. ತಾನು ಹುಟ್ಟಿದ ಕೋಶದಿಂದ ಹೊರಬೀಳುವಾಗ ಅದರ ಪೊರೆಯನ್ನೇ ಹೊದ್ದು ಬಂದದ್ದು. ವೈರಸ್ಸಿನ ಮೈಮೇಲಿನ ಎರಡು ಬಗೆಯ ಪ್ರೋಟೀನು ಮುಳ್ಳುಗಳಲ್ಲಿ ಹಿಮಾಗ್ಲುಟಿನಿನ್ ಮೂರು ಎಳೆಗಳದು, ನ್ಯೂರಮಿನಿಡೇಸ್ ನಾಲ್ಕರದು ಎಂಬ ವ್ಯತ್ಯಾಸವನ್ನೂ ಕಾಪಾಡಿದ್ದಾರೆ. ಒಳಗೆ ವೈರಸ್ಸಿನ ತಳಿಮಾಹಿತಿ ಹೊತ್ತ 8 ಆರ್‌ಎನ್‌ಎ ತುಂಡುಗಳು ಲೆಕ್ಕಕ್ಕೆ ಸರಿಯಾಗಿವೆ.

ತೊಡಕು ಇರುವುದು ಈ ಸೆಟ್ಟಿನ ಮುಖ್ಯ ಉದ್ದೇಶದಲ್ಲಿಯೇ. ಪೊರೆಯಲ್ಲಿ ಒಂದು ತೂತು ಕೊರೆದು, ಅದರ ಮೂಲಕ ಇಡೀ ವೈರಸ್ಸನ್ನು ಒಳಗೆ ತಳ್ಳುವಂತೆ ಕೈಪಿಡಿ ಹೇಳುತ್ತದೆ. ವಾಸ್ತವದಲ್ಲಿ ಹಿಮಾಗ್ಲುಟಿನಿನ್ ಕೋಶದ ಮೇಲಿನ ಸಯಾಲಿಕ್ ಆಮ್ಲ ಎಂಬ ಸಕ್ಕರೆ ಅಣುವಿಗೆ ಅಂಟಿಕೊಂಡ ಮೇಲೆ ಕೋಶವೇ ಪೊರೆಯನ್ನು ಒಳಕ್ಕೆ ಮಡಚಿ ವೈರಸ್ಸನ್ನು ಎಂಡೋಸೋಮಿನಲ್ಲಿ ನುಂಗಿಕೊಳ್ಳುತ್ತದೆ. ಆ ಚೀಲ ಕ್ರಮೇಣ ಆಮ್ಲೀಯವಾಗಿ ಪಿಎಚ್ ಸುಮಾರು 5ಕ್ಕೆ ಇಳಿದಾಗ ಮುಳ್ಳಿನ ಆಕಾರ ಬದಲಾಗುತ್ತದೆ. ಅದರೊಳಗೆ ಅಡಗಿದ್ದ, ಪೊರೆಗಳನ್ನು ಬೆಸೆಯುವ ತುದಿ ಹೊರಚಾಚಿ ಎಂಡೋಸೋಮಿನ ಪೊರೆಗೆ ನಾಟುತ್ತದೆ. ಬಳಿಕ ಪ್ರೋಟೀನು ತನ್ನಷ್ಟಕ್ಕೆ ಮಡಚಿಕೊಂಡು ವೈರಸ್ಸಿನ ಹೊದಿಕೆ, ಎಂಡೋಸೋಮಿನ ಪೊರೆ ಎರಡನ್ನೂ ಹತ್ತಿರ ಎಳೆಯುತ್ತದೆ. ಸಾರಿನ ಮೇಲಿನ ಎಣ್ಣೆಹನಿಗಳಂತೆ ಈ ಪೊರೆಗಳು ತಾವಾಗಿ ಕೂಡಿಕೊಳ್ಳುವುದಿಲ್ಲ, ನಡುವಿನ ನೀರಿನ ಪದರವನ್ನು ಸರಿಸಲು ಬಲ ಬೇಕು, ಮತ್ತು ಆ ಬಲ ಬರುವುದು ಈ ಮಡಚುವಿಕೆಯಿಂದ. ಮೊದಲು ಪೊರೆಗಳ ಎದುರುಬದುರಾದ ಪದರಗಳು ಕೂಡುತ್ತವೆ, ಆಮೇಲೆ ರಂಧ್ರ ತೆರೆದು ಆರ್‌ಎನ್‌ಎ ಹೊರಬರುತ್ತದೆ. ಹೊದಿಕೆಯಂತೂ ಎಂಡೋಸೋಮಿನ ಪೊರೆಯಲ್ಲಿಯೇ ಕರಗಿ ಉಳಿಯುತ್ತದೆ. ಎರಡೂ ಪೊರೆಗಳ ಅಂಚಿಗೆ ನಾಲ್ಕಾರು ಅಯಸ್ಕಾಂತದ ಗುಂಡಿಗಳನ್ನು ಹೊಲಿದಿದ್ದರೆ ಇದನ್ನು ತೋರಿಸಬಹುದಿತ್ತು. ರಬ್ಬರ್ ಹಾಳೆಗೆ ಅದೇನು ದೊಡ್ಡ ಖರ್ಚಲ್ಲ.

ಹೊದಿಕೆಯುಳ್ಳ ವೈರಸ್‌ಗಳೆಲ್ಲವೂ ಒಂದೇ ರೀತಿ ಪ್ರವೇಶಿಸುತ್ತವೆ ಎಂಬ ಕೈಪಿಡಿಯ ಸಾಲನ್ನು ವಿದ್ಯಾರ್ಥಿಗಳಿಗೆ ಓದಿಸಬಾರದು. ಎಚ್‌ಐವಿ ಕೋಶದ ಮೇಲಿನ ಗ್ರಾಹಕ ಪ್ರೋಟೀನುಗಳಲ್ಲಿ ಮೊದಲು ಸಿಡಿ4ಕ್ಕೆ, ನಂತರ ಸಿಸಿಆರ್5 ಅಥವಾ ಸಿಎಕ್ಸ್‌ಸಿಆರ್4ಕ್ಕೆ ಅಂಟುತ್ತದೆ, ಅದರ ಬೆಸುಗೆಗೆ ಆಮ್ಲ ಬೇಕಿಲ್ಲ. ಕೋವಿಡ್ ವೈರಸ್ಸಿಗೆ ಎಸಿಇ2 ಗ್ರಾಹಕದ ಜೊತೆಗೆ ಅದರ ಮುಳ್ಳನ್ನು ಕತ್ತರಿಸುವ ಕಿಣ್ವವೂ ಬೇಕು; ಕೋಶದ ಮೇಲ್ಮೈಯಲ್ಲಿ ಆ ಕೆಲಸವನ್ನು ಟಿಎಂಪಿಆರ್‌ಎಸ್‌ಎಸ್2 ಮಾಡಿದರೆ, ಎಂಡೋಸೋಮಿನೊಳಗೆ ಕೆಥೆಪ್ಸಿನ್ ಮಾಡುತ್ತದೆ. ಮಳೆಗಾಲದ ಹುಬ್ಬಳ್ಳಿ-ಧಾರವಾಡದಲ್ಲಿ ಮಕ್ಕಳು ಹೆಚ್ಚು ಕೇಳುವ ಹೆಸರು ಡೆಂಗಿಯದು. ಆ ವೈರಸ್ಸಿಗೆ ಚಾಚಿದ ಮುಳ್ಳುಗಳೇ ಇಲ್ಲ. 180 ‘ಇ’ ಪ್ರೋಟೀನುಗಳು ಜೋಡಿಜೋಡಿಯಾಗಿ ಮೈಗೆ ಅಂಟಿ ಮಲಗಿದ್ದು, ಎಂಡೋಸೋಮಿನ ಆಮ್ಲದಲ್ಲಿ ಮೂರರ ಗುಂಪಾಗಿ ಎದ್ದು ನಿಲ್ಲುತ್ತವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ವೈರಸ್ಸೂ ಇದೇ ಕುಟುಂಬದ್ದು. ಇಂತಹ ನುಣುಪು ಮೈಯ ವೈರಸ್ ಒಂದನ್ನಾದರೂ ಸೇರಿಸದಿರುವುದು, ಕನ್ನಡದಲ್ಲಿ ಮಾರುವ ಸೆಟ್ಟಿಗೆ ಒಪ್ಪುವಂಥದ್ದಲ್ಲ.

ಜೊತೆಗೆ ಕೊಟ್ಟ ಕಾರ್ಡಿನಲ್ಲಿ ‘ಸಾಬೂನು ಎಲ್ಲ ವೈರಸ್‌ಗಳನ್ನೂ ಒಡೆಯುತ್ತದೆ’ ಎಂದಿದೆ. ಕೊಬ್ಬಿನ ಹೊದಿಕೆಯುಳ್ಳವುಗಳ ಮಟ್ಟಿಗೆ ಇದು ನಿಜ. ಹೊದಿಕೆಯೇ ಇಲ್ಲದ ಪೋಲಿಯೊ ಮತ್ತು ನೊರೊ ವೈರಸ್‌ಗಳು ಅಷ್ಟು ಸುಲಭವಾಗಿ ಒಡೆಯುವುದಿಲ್ಲ, ಕೈ ತೊಳೆದಾಗ ನೀರಿನೊಡನೆ ಹರಿದು ಹೋಗುತ್ತವೆ ಅಷ್ಟೆ.

ಕಟ್ಟುಮಸ್ತಿನ ವಿಷಯದಲ್ಲಿ ದೂರಿಲ್ಲ: ಮುಳ್ಳುಗಳು ಕಳಚಿ ಬೀಳುವುದಿಲ್ಲ, ಬಣ್ಣ ಕೈಗೆ ಹತ್ತುವುದಿಲ್ಲ. ವಿಷಯ ಬಲ್ಲ ಅಧ್ಯಾಪಕರು ಎದುರು ನಿಂತು ತೋರಿಸುವುದಾದರೆ ಸೆಟ್ಟನ್ನು ಕೊಳ್ಳಬಹುದು. ಸಿಇಟಿ, ನೀಟ್ ಪರೀಕ್ಷೆಗೆ ಮನೆಯಲ್ಲಿ ಒಬ್ಬರೇ ಓದುವವರು ಕೈಪಿಡಿಯ ಈಗಿನ ಮುದ್ರಣ ಬದಲಾಗುವವರೆಗೆ ಕಾಯುವುದು ಒಳ್ಳೆಯದು.