ಋತುಗಳ ಚಿತ್ರಪುಸ್ತಕ: ಫ್ಲಾಪ್ ಚಂದ, ಬಾಳಿಕೆ ಕಮ್ಮಿ

ಋತುಗಳನ್ನು ತೋರಿಸುವ ಫ್ಲಾಪ್ ಪುಸ್ತಕಗಳಿಗೆ, ಅಂದರೆ ಚಿತ್ರದ ಮೇಲಿನ ಮಡಿಕೆಯ ತುಂಡನ್ನು (ಫ್ಲಾಪ್) ಎತ್ತಿದರೆ ಅಡಗಿದ ಚಿತ್ರ ಕಾಣುವ ಪುಸ್ತಕಗಳಿಗೆ, 5ರಲ್ಲಿ 3 ಅಂಕ ಕೊಡಬಹುದು. ರಟ್ಟಿನ ಹಾಳೆ ದಪ್ಪ, ಮೂಲೆಗಳು ಗುಂಡಗೆ, ಮಗು ಬಾಯಿಗಿಟ್ಟರೂ ಕೂಡಲೇ ಹಾಳಾಗದು. ಎಡವಟ್ಟು ಇರುವುದು ಮಡಿಕೆಯಲ್ಲಿ. ಎರಡು ವರ್ಷದ ಮಗು ಫ್ಲಾಪನ್ನು ತುದಿಯಿಂದ ಮೆಲ್ಲಗೆ ಎತ್ತುವುದಿಲ್ಲ, ಮುಷ್ಟಿಯಲ್ಲಿ ಹಿಡಿದು ಎಳೆಯುತ್ತದೆ; ಮೋಡದ ಹಿಂದೆ ಅಡಗಿದ್ದ ಸೂರ್ಯ ಮೋಡದ ಸಮೇತ ಕೈಗೆ ಬರುತ್ತಾನೆ. ತಂದ ದಿನವೇ ಪ್ರತಿ ಮಡಿಕೆಯನ್ನು ನಾಲ್ಕೈದು ಸಲ ಬಗ್ಗಿಸಿ ಸಡಿಲ ಮಾಡಿ, ಒಳಬದಿಗೆ ಪಾರದರ್ಶಕ ಟೇಪ್ ಅಂಟಿಸಿ. ಫ್ಲಾಪಿನ ಅಂಚು ಬಿಗಿಯಾಗಿ ಕೂತಿದ್ದರೆ ಪುಟ್ಟ ಬೆರಳು ಒಳಗೆ ಹೋಗುವುದಿಲ್ಲ, ಕಿತ್ತಾಟ ಶುರುವಾಗುವುದೇ ಅಲ್ಲಿಂದ.

ಕೊಳ್ಳುವಾಗ ಒಂದೇ ಮರ ಪುಟದಿಂದ ಪುಟಕ್ಕೆ ಬದಲಾಗುವ ಪುಸ್ತಕವನ್ನು ಹುಡುಕಿ: ಚಿಗುರು, ಹಸಿರು, ಉದುರಿದ ಎಲೆ, ಬೋಳು ಕೊಂಬೆ. ಮಳೆಗೆ ಕೊಡೆ, ಚಳಿಗೆ ಟೋಪಿ ಎಂದು ಬಿಡಿ ಚಿತ್ರಗಳನ್ನಷ್ಟೇ ತುಂಬಿದವು ಹೆಸರು ಕಲಿಸುತ್ತವೆ, ಬದಲಾವಣೆ ಕಾಣಿಸುವುದಿಲ್ಲ.

ಓದುವಾಗ ಅಕ್ಷರಕ್ಕೆ ಅಂಟಿಕೊಳ್ಳಬೇಡಿ. "ಕಪ್ಪೆ ಎಲ್ಲಿ?" ಎಂದು ಕೇಳಿ, ಮನಸ್ಸಿನಲ್ಲೇ ಐದು ಎಣಿಸುವವರೆಗೆ ಸುಮ್ಮನಿರಿ. ದೊಡ್ಡವರು ತಾವೇ ಬೆರಳಿಟ್ಟು ತೋರಿಸಿಬಿಡುವುದೇ ಹೆಚ್ಚು! ಐದು ನಿಮಿಷ ಸಾಕು, ಮಗು ಹಿಂದಿನ ಪುಟಕ್ಕೆ ಹೋದರೆ ಹೋಗಲಿ. ಹೊರಗೆ ಮಳೆ ಸುರಿಯುತ್ತಿರುವಾಗಲೇ ಮಳೆಯ ಪುಟ ತೆರೆದು, ಒಂದು ಒದ್ದೆ ಎಲೆಯನ್ನು ಕೈಗೆ ಕೊಡಿ.

ತೆಳು ಕಾಗದದ ಹಾಳೆಯ ಚಿತ್ರಪುಸ್ತಕಗಳು, ಸಾಮಾನ್ಯವಾಗಿ 32 ಪುಟದವು, ಮೂರು ವರ್ಷ ದಾಟಿದ ಮೇಲೆ ಸಾಕು.